ಹೊಸ ಟೈರಿನ ಮೀಸೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರುಮಾಡಿದರೆ ನೀವೆಲ್ಲ ಆರಾಮಾಗಿ ಗೋಡೆಗೆ ಒರಗಿಬಿಡುತ್ತೀರಿ. ಶ್ರೀಮಂತನ ಕಥೆ ತಾನೆ, ನಮ್ಮದಲ್ಲವಲ್ಲ ಎಂದು. ಅದಕ್ಕೇ ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬಳು ಮುದುಕಿ ಇದ್ದಳು ಎಂದಿಟ್ಟುಕೊಳ್ಳಿ. ಕೋಲೂರಿಕೊಂಡು ನಡೆಯುವ ಮುದುಕಿಯಲ್ಲ, ಕಾರು ಓಡಿಸುವ ಮುದುಕಿ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ನಿವೃತ್ತಳಾದ ಮೇಲೂ ಬಾಯಿ ಸುಮ್ಮನಿರದೆ, ಊರಿನ ಭಜನಾ ಮಂದಿರದಲ್ಲಿ ವಾರಕ್ಕೆರಡು ದಿನ ಪ್ರವಚನ ಹೇಳುತ್ತಿದ್ದಳು. ಹಿಂದಿನ ಸಾಲಿನವರು ಯಾಕೆ ನಗುತ್ತಿದ್ದೀರಿ? ಪ್ರವಚನ ಹೇಳುವ ಮುದುಕಿಯರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊರಗೆ ನಿಂತಿರುವ ಬಿಳಿ ಕಾರಿನ ಕಡೆ ಯಾರೂ ತಿರುಗಿ ನೋಡಬೇಕಾಗಿಲ್ಲ.

ಇವತ್ತಿನ ವಿಷಯ ಕೊಟ್ಟ ಮಾತು. ನೋಡಿ, ಕೊಟ್ಟ ಮಾತಿನ ಮೇಲೆ ಆ ಮುದುಕಿಯೂ ಒಂದೂವರೆ ಗಂಟೆ ಮಾತನಾಡಬಲ್ಲವಳಾಗಿದ್ದಳು. ಮಾತನಾಡಿಯೂ ಇದ್ದಳು. ಜನ ಕಣ್ಣೊರೆಸಿಕೊಂಡಿದ್ದರು. ಕೇಸರಿಬಾತು ಹಂಚಿದ್ದರು.

ಅವಳ ಮನೆಯಿಂದ ಮಂದಿರಕ್ಕೆ ಹೋಗುವ ದಾರಿಯ ತಿರುವಿನಲ್ಲಿ ಒಂದು ಪಂಕ್ಚರ್ ಅಂಗಡಿ. ನಡೆಸುತ್ತಿದ್ದವನ ಹೆಸರು ದಸ್ತಗೀರ್. ಐವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಮುದುಕಿಯ ಕಾರಿಗೆ ಹತ್ತು ವರ್ಷದಿಂದ ಗಾಳಿ ತುಂಬುತ್ತಿದ್ದವನು ಅವನೇ. ಗಾಳಿ ತುಂಬುವುದರಲ್ಲಿ ಏನಿದೆ ಎನ್ನುತ್ತೀರಾ? ಇದೆ. ಚಕ್ರದ ಸಣ್ಣ ಮುಚ್ಚಳವನ್ನು ಬಿಚ್ಚಿ ಅವನು ನೆಲದ ಮೇಲೆ ಇಡುತ್ತಿರಲಿಲ್ಲ. ಕಳೆದುಹೋಗಬಾರದೆಂದು ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದ. ಯಾರೂ ಹೇಳದೆ ಡಿಕ್ಕಿ ತೆಗೆದು, ಅವಳ ಪುಸ್ತಕದ ಚೀಲಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು, ಅಡಿಯಲ್ಲಿ ಮಲಗಿದ್ದ ಸ್ಟೆಪ್ನಿಗೂ ಗಾಳಿ ತುಂಬಿ, ಮತ್ತೆ ಚೀಲಗಳನ್ನು ಮೊದಲಿದ್ದ ಹಾಗೆಯೇ ಜೋಡಿಸುತ್ತಿದ್ದ. ಸ್ಟೆಪ್ನಿಯಲ್ಲಿ ಗಾಳಿ ಇದೆಯೋ ಇಲ್ಲವೋ ಯಾರು ನೋಡುತ್ತಾರೆ? ಮುದುಕಿಯಂತೂ ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದ.

ಹೀಗಿರುವಾಗ ಒಂದು ದಿನ ಅವನು ಕಾರಿನ ಟೈರು ಕಳಚಿ ತೊಡಿಸುವ ಯಂತ್ರವೊಂದನ್ನು ಕೊಂಡ. ಹೊಸದಲ್ಲ, ಯಾರೋ ಅಂಗಡಿ ಮುಚ್ಚಿದವರಿಂದ. ಆದರೆ ಅವನ ಮುಖ ನೋಡಬೇಕಿತ್ತು, ಮಗಳ ಮದುವೆ ಗೊತ್ತಾದವನ ಹಾಗೆ.

"ಅಮ್ಮಾವ್ರೇ, ನಿಮ್ ಟೈರು ನಾಕೂ ಬೋಳಾಗಿದಾವೆ. ಇನ್ನೊಂದು ತಿಂಗಳು, ಅಷ್ಟೇ. ಯಾವ ಕಂಪ್ನಿ ಬೇಕು ಹೇಳಿ, ಡೀಲರ್ ಹತ್ರಿಂದ ನಾನೇ ತಂದು ಹಾಕ್ತೀನಿ. ಅಲೈನ್‌ಮೆಂಟ್ ಪಕ್ಕದ ಬೀದೀಲಿ ಮಾಡ್ತಾರೆ, ನಾನೇ ಜೊತೆಗೆ ಬಂದು ಮಾಡಿಸ್ತೀನಿ" ಎಂದ. ಆಮೇಲೆ ಸ್ವಲ್ಪ ನಾಚಿಕೊಂಡು, "ಮಿಷಿನ್ ಬೋಣಿ ನಿಮ್ ಕಾರಿಂದ್ಲೇ ಆಗ್ಲಿ ಅಂತ ಆಸೆ" ಎಂದ.

ಮುದುಕಿಗೆ ಕಣ್ಣು ಒದ್ದೆಯಾಯಿತು. "ಆಗಲಿ ಕಣಪ್ಪಾ ದಸ್ತಗೀರ್. ನನ್ನ ಕಾರಿಂದಲೇ ಬೋಣಿ. ನಾನು ಬರೋ ತನಕ ಬೇರೆ ಯಾರ ಚಕ್ರನೂ ಅದರ ಮೇಲೆ ಹತ್ತಿಸಬೇಡ" ಎಂದಳು. ಈ ಕೊನೆಯ ವಾಕ್ಯವನ್ನು ಅವನೇನೂ ಬೇಡಿರಲಿಲ್ಲ, ಆದರೂ ಹೂಂ ಎಂದ. ಇವಳೇ ಸೇರಿಸಿದ್ದು. ಭಾಷಣ ಮಾಡುವವರಿಗೆ ಒಂದು ವಾಕ್ಯ ಹೆಚ್ಚಾಗಿಯೇ ಬರುತ್ತದೆ.

ಆಯಿತೆ? ಇಲ್ಲಿಗೇ ಕಥೆ ಮುಗಿಯಬೇಕಿತ್ತು. ಆದರೆ ಮುದುಕಿ ವಿದ್ಯಾವಂತೆ. ವಿದ್ಯಾವಂತರು ಮಾತು ಕೊಟ್ಟ ಮೇಲೆ ವಿಚಾರಿಸಲು ಹೊರಡುತ್ತಾರೆ.

ಟೈರು ಕಪ್ಪಗಿರುತ್ತದೆ, ದುಂಡಗಿರುತ್ತದೆ. ಅದರ ಬಗ್ಗೆ ಅವಳಿಗೆ ತಿಳಿದದ್ದು ಇಷ್ಟೇ. ಒಂದು ವಾರದಲ್ಲಿ ಪಂಡಿತೆಯಾದಳು. ಹಳೆಯ ಸಹೋದ್ಯೋಗಿಯೊಬ್ಬರು ಆನ್‌ಲೈನ್‌ನಲ್ಲಿ ತರಿಸಿ ಎಂದರು. ತರಿಸಿದ ಟೈರನ್ನು ತೊಡಿಸುವವರು ಯಾರು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಮಾರುಕಟ್ಟೆಯ ಅಂಗಡಿಯಲ್ಲಿ ಟೈರುಗಳನ್ನು ಸೂರಿನವರೆಗೆ ಪೇರಿಸಿದ್ದರು, ಆದರೆ ಕೂತವನು ಮೊಬೈಲಿನಿಂದ ತಲೆಯೆತ್ತಲಿಲ್ಲ. ಕೊನೆಗೆ ಬೈಪಾಸಿನ ಹತ್ತಿರದ ಗಾಜಿನ ಬಾಗಿಲಿನ ಶೋರೂಮಿಗೆ ಹೋದಳು. ಒಳಗೆ ತಣ್ಣಗೆ ಏಸಿ. ಟೈ ಕಟ್ಟಿಕೊಂಡವನೊಬ್ಬ ಎದ್ದು ನಿಂತು, "ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ, ಕಾಫಿನಾ ಟೀನಾ ಮೇಡಂ" ಎಂದ. ಗಾಜಿನಾಚೆ ಅವಳ ಕಾರನ್ನು ಮೇಲೆತ್ತಿ, ಕಂಪ್ಯೂಟರಿನಲ್ಲಿ ಹಸಿರು ಕೆಂಪು ಗೆರೆಗಳನ್ನು ತೋರಿಸಿದರು. ಅವಳಿಗೆ ಗೆರೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದಳು. ಒಂದು ಗಂಟೆಯಲ್ಲಿ ನಾಲ್ಕೂ ಟೈರು ಹೊಸದು.

ಯಾಕೆ ಹೀಗೆ ಮಾಡಿದಳು? ವಾರಂಟಿಗಾಗಿ ಎಂದು ಮನೆಯಲ್ಲಿ ಹೇಳಿದಳು. ಸುರಕ್ಷತೆಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ನಿಜವಾದ ಕಾರಣ ನಾನು ಹೇಳುತ್ತೇನೆ, ಕೇಳಿ. ದಸ್ತಗೀರನ ಅಂಗಡಿಯಲ್ಲಿ ಹಳೇ ಟೈರಿನ ಮೇಲೆ ಕೂರಬೇಕಿತ್ತು. ಇಲ್ಲಿ ಸೋಫಾ ಇತ್ತು. ಹತ್ತು ವರ್ಷದ ಸ್ನೇಹವನ್ನು ಮುದುಕಿ ಒಂದು ಸೋಫಾಕ್ಕೆ ಬಿಟ್ಟುಕೊಟ್ಟಳು. ಕಾಫಿ ಚೆನ್ನಾಗಿಯೂ ಇರಲಿಲ್ಲ.

ಶೋರೂಮಿನ ಗೇಟು ದಾಟುವಾಗ ನೆನಪಾಯಿತು. ಅಯ್ಯೋ, ಬೋಣಿ!

ಆಗ ಏನು ಮಾಡಬೇಕಿತ್ತು? ನೇರ ಹೋಗಿ "ತಪ್ಪಾಯ್ತಪ್ಪಾ" ಎನ್ನಬೇಕಿತ್ತು. ಎರಡು ನಿಮಿಷದ ಕೆಲಸ. ಮುದುಕಿ ಏನು ಮಾಡಿದಳು? ದಾರಿ ಬದಲಾಯಿಸಿದಳು. ಅಂದಿನಿಂದ ಮಂದಿರಕ್ಕೆ ಹೋಗಲು ತಿರುವಿನ ದಾರಿ ಬಿಟ್ಟು, ಹಿಟ್ಟಿನ ಗಿರಣಿಯ ಗಲ್ಲಿ, ಅಲ್ಲಿಂದ ಸೊಸೈಟಿಯ ಹಿಂಭಾಗ, ಅಲ್ಲಿಂದ ಒಂದು ಚಿಕ್ಕ ಟೀ ಅಂಗಡಿಯ ಮುಂದೆ ಹಾಯ್ದು, ಊರನ್ನೇ ಪ್ರದಕ್ಷಿಣೆ ಹಾಕಿ ಹೋಗತೊಡಗಿದಳು. ಪ್ರವಚನಕ್ಕೆ ಪ್ರತಿಸಲವೂ ಹತ್ತು ನಿಮಿಷ ತಡ. ಕೇಳಿದರೆ "ಏನು ಟ್ರಾಫಿಕ್ಕು ನಮ್ಮೂರಲ್ಲಿ!" ಎನ್ನುವಳು. ಅವಳು ಸುತ್ತುತ್ತಿದ್ದ ಗಲ್ಲಿಯಲ್ಲಿ ಎರಡು ಎಮ್ಮೆಯ ಹೊರತು ಟ್ರಾಫಿಕ್ಕೇ ಇರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಟೈರು ನೋಡಿದ್ದೀರಲ್ಲ, ಮೈತುಂಬ ಬೆಕ್ಕಿನ ಮೀಸೆಯಂಥ ಸಣ್ಣ ರಬ್ಬರ್ ಎಳೆಗಳಿರುತ್ತವೆ. ದೂರದಿಂದ ಕಂಡರೂ ಟೈರು ಹೊಸದೆಂದು ಗೊತ್ತಾಗಿಬಿಡುತ್ತದಲ್ಲ? ಮುದುಕಿ ಒಂದು ಬೆಳಿಗ್ಗೆ ಮಣೆ ಹಾಕಿಕೊಂಡು ಕಾರಿನ ಪಕ್ಕ ಕೂತು, ಉಗುರು ಕತ್ತರಿಸುವ ಕಟರಿನಿಂದ ಮೀಸೆಗಳನ್ನು ಒಂದೊಂದಾಗಿ ಕತ್ತರಿಸತೊಡಗಿದಳು.

ಅವಳ ಜೊತೆಯಲ್ಲೇ ಇದ್ದ ನಾದಿನಿ ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅತ್ತಿಗೆ, ಇದೇನು ಕಾರಿಗೆ ಕ್ಷೌರ?"

"ಧೂಳು ಹಿಡಿಯುತ್ತಂತೆ ಕಣೇ. ಶೋರೂಮಿನವರು ಹೇಳಿದ್ರು."

"ಹೂಂ, ಹೇಳಿರ್ತಾರೆ. ಮಣ್ಣೂ ಬಳೀರಿ ಅಂತ ಹೇಳಿದ್ರಾ? ಪಕ್ಕದಲ್ಲಿ ಕೆಸರಿನ ಬಕೀಟು ಇಟ್ಕೊಂಡಿದೀರಲ್ಲ."

ಮುದುಕಿ ಬಕೀಟನ್ನು ಕಾಲಿನಿಂದ ಕಾರಿನಡಿಗೆ ತಳ್ಳಿದಳು. ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿದವಳು!

ಇಷ್ಟರಲ್ಲಿ ಎಡಗಡೆಯ ಮುಂದಿನ ಟೈರಿನಲ್ಲಿ ಗಾಳಿ ಇಳಿಯತೊಡಗಿತು. ಗಾಳಿ ತುಂಬಿಸಲು ಎಲ್ಲಿಗೆ ಹೋಗುವುದು? ಪೆಟ್ರೋಲ್ ಬಂಕಿನ ಗಾಳಿಯಂತ್ರ ಕೆಟ್ಟು ಗೋಣಿಚೀಲ ಹೊದ್ದಿತ್ತು. ಶೋರೂಮಿಗೆ ಹೋದರೆ ಟೋಕನ್ ತಗೊಂಡು ಸರದಿಯಲ್ಲಿ ಕೂರಬೇಕು. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಅವಳು ಹಾಗೆಯೇ ಓಡಿಸಿದಳು.

"ಅತ್ತಿಗೆ, ಕಾರು ಎಡಕ್ಕೆ ವಾಲ್ತಿದೆ" ಎಂದಳು ನಾದಿನಿ.

"ಕಾರಲ್ಲ, ರಸ್ತೆ ವಾಲಿರೋದು."

"ಹಾಗಾದ್ರೆ ಊರಿನ ರಸ್ತೆಯೆಲ್ಲ ನಿಮ್ಮನ್ನ ಕಂಡ ಕೂಡಲೇ ವಾಲುತ್ತೆ ಅನ್ನಿ!"

ಟೈರು ಹಾಕಿಸಿದ ಹನ್ನೊಂದನೆಯ ದಿನ ನಾದಿನಿ ತರಕಾರಿ ತರಲು ನಡೆದುಕೊಂಡು ಹೋಗಿದ್ದವಳು, ಚೀಲವನ್ನು ಅಡುಗೆಮನೆಯಲ್ಲಿ ಇಳಿಸದೆ ನೇರ ಅತ್ತಿಗೆಯ ಎದುರಿಗೆ ಬಂದು ನಿಂತಳು. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ದಸ್ತಗೀರ್ ಅಂಗಡಿ ಮುಂದೆ ಒಂದು ಟ್ಯಾಕ್ಸಿ ನಿಂತಿತ್ತು ಅತ್ತಿಗೆ. ಟೈರು ಹಾಕಿಕೊಡು ಅಂತ ಡ್ರೈವರು ಕೇಳ್ತಿದ್ದ. ಇವನು ಆಗಲ್ಲ ಅಂದ. 'ಮಿಷಿನ್ ಬೋಣಿ ಒಬ್ಬರಿಗೆ ಮಾತು ಕೊಟ್ಟಿದೀನಿ, ಅವರದ್ದಾದ ಮೇಲೆ ಬನ್ನಿ' ಅಂತ ಕಳಿಸಿಬಿಟ್ಟ. ಪಕ್ಕದ ಸೈಕಲ್ ಅಂಗಡಿಯವರು ಹೇಳಿದ್ರು, ಹೀಗೆ ವಾಪಸ್ ಕಳಿಸ್ತಿರೋದು ಇದು ನಾಕನೇ ಗಾಡಿಯಂತೆ. ಆ ಮಿಷಿನ್ ಮೇಲೆ ಇನ್ನೂ ಟಾರ್ಪಾಲು ಮುಚ್ಚೇ ಇದೆ."

ಮುದುಕಿ ಕೂತಲ್ಲೇ ಕೂತಳು. ಆ ಮನುಷ್ಯ ಆಸೆಯಿಂದ ಕೊಂಡ ಯಂತ್ರ, ಅದರಿಂದ ಅವನ ಮನೆಯ ಒಲೆ ಉರಿಯಬೇಕು, ಅದು ಟಾರ್ಪಾಲಿನಡಿ ಸುಮ್ಮನೆ ಕೂತಿದೆ. ಯಾಕೆ? ಇವಳು ಸೇರಿಸಿದ ಆ ಒಂದು ಹೆಚ್ಚಿನ ವಾಕ್ಯಕ್ಕೆ.

ಅವಳು ಕಾರು ತೆಗೆದಳು. ಗಿರಣಿಯ ಗಲ್ಲಿಗೆ ತಿರುಗಲಿಲ್ಲ. ದಾರಿಯುದ್ದಕ್ಕೂ ಒಂದು ಮಾತು ಸಿದ್ಧಮಾಡಿಕೊಂಡಳು. ಚೆನ್ನಾಗಿತ್ತು ಅದು. ಪೀಠಿಕೆ ಇತ್ತು, ಮಧ್ಯದಲ್ಲಿ ಮಾನವ ಸಹಜ ದೌರ್ಬಲ್ಯದ ಪ್ರಸ್ತಾಪ ಇತ್ತು, ಕೊನೆಯಲ್ಲಿ ಕ್ಷಮೆಯ ಮಹಿಮೆ. ಕಾರು ಅಂಗಡಿಯ ಮುಂದೆ ನಿಂತಿತು. ದಸ್ತಗೀರ್ ಎದ್ದು ಬಂದ. ಚಕ್ರದ ಕಡೆ ಒಂದು ಸಲ ನೋಡಿದ. ಗಾಳಿಯ ಪೈಪು ಎಳೆದು ತಂದು, ವಾಲಿದ್ದ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮುಚ್ಚಳ ಬಿಚ್ಚಿ ತುಟಿಯಲ್ಲಿ ಕಚ್ಚಿಕೊಂಡ.

ಮುದುಕಿಯ ಪೀಠಿಕೆ ಎಲ್ಲಿ ಹೋಯಿತೋ!

"ದಸ್ತಗೀರ್, ನಾನು ಬೇರೆ ಕಡೆ ಹಾಕಿಸಿಬಿಟ್ಟೆ" ಎಂದಳು.

ಅವನು ಗಾಳಿ ತುಂಬಿ, ಮುಚ್ಚಳ ತಿರುಗಿಸಿ, ನಿಧಾನವಾಗಿ ಎದ್ದ. "ಗೊತ್ತು ಅಮ್ಮಾವ್ರೇ. ಆವತ್ತೇ ಗೊತ್ತು. ಸೊಸೈಟಿ ಹಿಂದಿನ ಟೀ ಅಂಗಡೀಲಿ ನಾನು ದಿನಾ ನಾಕೂವರೆಗೆ ಟೀ ಕುಡೀತೀನಿ. ನೀವು ಹಾಯ್ದು ಹೋಗೋದು ನೋಡ್ತಿದ್ದೆ." ಪೈಪು ಸುತ್ತುತ್ತಾ, "ಮೊದಲನೇ ದಿನ ಮೀಸೆ ಇತ್ತು. ಆಮೇಲೆ ಯಾರು ಬೋಳಿಸಿದ್ರು?" ಎಂದ.

ಮುದುಕಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭೂಮಿ ಬಿಡಲಿಲ್ಲ. ಅಲ್ಲಿ ಕಾಂಕ್ರೀಟು ಹಾಕಿದ್ದರು.

"ಗೊತ್ತಿದ್ದೂ ಯಾಕಪ್ಪಾ ಮಿಷಿನ್ ಮುಚ್ಚಿಟ್ಟೆ? ಬಂದ ಗಾಡಿಗಳನ್ನ ಯಾಕೆ ಕಳಿಸಿದೆ?"

"ನೋಡಿದ್ದು ನಾನು. ನೀವೇನೂ ಹೇಳಿರ್ಲಿಲ್ವಲ್ಲ" ಎಂದ ದಸ್ತಗೀರ್. "ನೀವು ಬರೋ ತನಕ ಬೇರೆ ಚಕ್ರ ಹತ್ತಿಸಬೇಡ ಅಂದಿದ್ರಿ. ಹೂಂ ಅಂದಿದ್ದೆ. ಬೇಡಪ್ಪಾ, ನೀನು ಮುಂದುವರಿಸು ಅಂತ ಒಂದು ಮಾತು ಬಂದಿದ್ರೆ ಸಾಕಿತ್ತು, ಅವತ್ತೇ ಬಿಚ್ಚಿಬಿಡ್ತಿದ್ದೆ. ನಂಗೇನು ನಿಮ್ಮ ಟೈರೇ ಬೇಕಂತ ಇರ್ಲಿಲ್ಲ ಅಮ್ಮಾವ್ರೇ. ನೀವು ಎಲ್ಲಾದ್ರೂ ಹಾಕಿಸಿ, ನಿಮ್ ಕಾರು. ಆದ್ರೆ ಪ್ರತಿಸಲ ಅಷ್ಟು ದೂರ ಸುತ್ತಿ ಹೋಗ್ತಿದ್ರಲ್ಲ, ನಾನೇನು ಹುಲೀನಾ ಅನ್ನಿಸ್ತು."

ನೋಡಿ, ಬೈದಿದ್ದರೆ ಎಷ್ಟೋ ಸುಲಭವಾಗಿತ್ತು. ಬೈಗುಳಕ್ಕೆ ಮುದುಕಿಯ ಹತ್ತಿರ ಉತ್ತರ ಇತ್ತು.

"ತಪ್ಪಾಯ್ತಪ್ಪಾ. ಬೇರೆಯವರಿಂದ ಬೋಣಿ ಮಾಡಿಕೋ" ಎಂದಳು.

ಅವನು ಫೋನು ತೆಗೆದು, ನಂಬರು ಕೊಟ್ಟು ಹೋಗಿದ್ದ ಆ ಟ್ಯಾಕ್ಸಿಯವನನ್ನು ಕರೆದ. ಅರ್ಧ ಗಂಟೆಯಲ್ಲಿ ಟ್ಯಾಕ್ಸಿ ಬಂತು. ಟಾರ್ಪಾಲು ತೆಗೆದು, ಬಟ್ಟೆಯಿಂದ ಒರೆಸಿ, ದಸ್ತಗೀರ್ ಯಂತ್ರ ಶುರುಮಾಡಿದ. ಮುದುಕಿಗೆ ಗೊತ್ತಿಲ್ಲದ ಯಾರೋ ಡ್ರೈವರು ಮೊದಲ ನೋಟು ಕೊಟ್ಟ. ದಸ್ತಗೀರ್ ಅದನ್ನು ಕಣ್ಣಿಗೊತ್ತಿಕೊಂಡ. ಮುದುಕಿ ಅಲ್ಲೇ ನಿಂತು ನೋಡಿದಳು. ಅವಳು ನೋಡಲೇಬೇಕಿತ್ತು. ಅವನು ಇವತ್ತಿಗೂ ಅವಳ ಕಾರಿಗೆ ಗಾಳಿ ತುಂಬುತ್ತಾನೆ, ಇವತ್ತಿಗೂ ಮಾತನಾಡಿಸುತ್ತಾನೆ. ಆದರೆ ಬೋಣಿ ಒಂದೇ ಸಲ. ಅದು ಅವಳ ಕೈತಪ್ಪಿತು, ತಪ್ಪಿಯೇ ಹೋಯಿತು.

ಈಗ ನಿಮ್ಮ ಕಡೆ ಬರುತ್ತೇನೆ. ಒರಗಿದ್ದವರು ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ.

ಮಾತು ತಪ್ಪಬೇಡಿ ಎಂದು ನಾನು ಹೇಳುವುದಿಲ್ಲ. ತಪ್ಪುತ್ತೇವೆ, ಸೋಫಾ ಕಂಡರೆ ತಪ್ಪುತ್ತೇವೆ. ನಾನು ಕೇಳುವುದು ಬೇರೆ. ನೀವು ಯಾವ ಬೀದಿಗೆ ಹೋಗುವುದನ್ನು ಬಿಟ್ಟಿದ್ದೀರಿ? ಯಾರನ್ನು ಕಂಡರೆ ಬದನೆಕಾಯಿ ಆರಿಸುವ ನೆಪದಲ್ಲಿ ತಲೆ ತಗ್ಗಿಸುತ್ತೀರಿ? ಮೊಮ್ಮಗಳನ್ನು ಸಂಗೀತದ ಪಾಠದಿಂದ ಬಿಡಿಸಿದ್ದೀರಿ, ಆದರೆ ಟೀಚರಿಗೆ ಹೇಳಿಲ್ಲ. ಅವರು ಪ್ರತಿ ಗುರುವಾರ ಆ ಮಗುವಿಗೆಂದು ಒಂದು ಚಾಪೆ ಹಾಸುತ್ತಲೇ ಇದ್ದಾರೆ. ಗೃಹಪ್ರವೇಶಕ್ಕೆ ಅಡುಗೆಯವರಿಗೆ "ನಿಮ್ಮದೇ ಖಾಯಂ, ಫೋನ್ ಮಾಡ್ತೀನಿ" ಎಂದು ಹೇಳಿ ಬೇರೆಯವರನ್ನು ಗೊತ್ತುಮಾಡಿದ್ದೀರಿ. ಅವರು ಆ ದಿನಕ್ಕೆ ಬಂದ ಮದುವೆಯ ಅಡುಗೆಯನ್ನು ಬಿಟ್ಟು ಕೂತಿದ್ದಾರೆ. ನಿಮಗೆ ಹೇಳಲು ನಾಚಿಕೆ. ಒಪ್ಪಿದೆ. ಆದರೆ ಆ ನಾಚಿಕೆಯ ಕಷ್ಟ ಅನುಭವಿಸುತ್ತಿರುವವರು ಯಾರು? ನೀವಲ್ಲ. ನೀವು ಸುತ್ತು ದಾರಿಯಲ್ಲಿ ಎಮ್ಮೆ ನೋಡಿಕೊಂಡು ಆರಾಮಾಗಿದ್ದೀರಿ.

ಹೇಳಿಬಿಡಿ. "ಆಗಲಿಲ್ಲ, ತಪ್ಪಾಯಿತು, ನೀವು ಮುಂದುವರಿಸಿ." ಇಷ್ಟೇ. ಪೀಠಿಕೆ ಬೇಡ, ಕಾರಣಗಳ ಮಾಲೆ ಬೇಡ, ಸುಳ್ಳು ಜ್ವರ ಬೇಡ. ಕೇಳಿದವರು ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ, ಅದು ಅವರ ಹಕ್ಕು. ಆದರೆ ಅವರ ಕೈ ಬಿಡುವಾಗುತ್ತದೆ. ಹಾಗೆ ಬಿಡುವು ಮಾಡಿಕೊಡುವುದೂ ಕೊಟ್ಟ ಮಾತಿಗೆ ತೋರಿಸುವ ಮರ್ಯಾದೆಯೇ.

ಪ್ರವಚನಕ್ಕೆ ಬಂದವರಿಗೆ ಫೋನು ಬಂದ್ ಮಾಡಿ ಎನ್ನುವುದು ವಾಡಿಕೆ. ಇವತ್ತು ತೆಗೆಯಿರಿ. ಹೆಸರು ಯಾರದೆಂದು ನಿಮಗೆ ಈಗಾಗಲೇ ನೆನಪಾಗಿದೆ, ಮುಖ ನೋಡಿದರೆ ಗೊತ್ತಾಗುತ್ತದೆ. ಹೊರಗೆ ಜಗಲಿಯ ಮೇಲೆ ನಿಂತು ಮಾತನಾಡಿ ಬನ್ನಿ. ನೀವು ಬರುವವರೆಗೆ ಮಂಗಳಾರತಿ ಕಾಯುತ್ತದೆ. ಆ ಅಡುಗೆಯವರು, ಆ ಟೀಚರು ಕಾದದ್ದು ಸಾಕು.