ಈ ಬೈಬಲಿನಲ್ಲಿ ಇಲ್ಲದ ಕಥೆ

ಐಸಿಯು ಹೊರಗಿನ ಬೆಂಚಿನಲ್ಲಿ ಗಂಡನಿಗಾಗಿ ಜೀವ ಕೈಯಲ್ಲಿ ಹಿಡಿದು ಕೂತಿದ್ದ ಟೈಲರಮ್ಮನಿಗೆ, ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮ ಒಂದು ಬೈಬಲನ್ನು ಹಿಂದೆ ಮುಂದೆ ತಿರುವಿ ಸೋತಿದ್ದ.

“ಅಕ್ಕಾ, ಇದರಲ್ಲಿ ಆ ಕಥೆಯೇ ಇಲ್ಲ!”

“ಇದು ನಿನ್ನ ಹೆಂಡತೀದು ಕಣೋ. ಅವರ ಚರ್ಚಿನವರು ನಮ್ಮ ಬೈಬಲಿನ ಕೆಲವು ಪುಸ್ತಕಗಳನ್ನ ಸೇರಿಸಲ್ಲ, ಆ ಕಥೆ ಇರೋದು ಅದರಲ್ಲೇ. ಅಪ್ಪಂದು ತರಬೇಕಿತ್ತು.”

“ಗಾಬರೀಲಿ ಕೈಗೆ ಸಿಕ್ಕಿದ್ದು ತಂದ್ಬಿಟ್ಟೆ. ಮನೆಗೆ ಓಡಿ ಹೋಗಿ ಬರ್ಲಾ?”

“ಅಷ್ಟು ಹೊತ್ತು ಅಪ್ಪ ಇರಲ್ಲ ಅಂದ್ರಲ್ಲೋ ಡಾಕ್ಟರು. ಬೆಳಗ್ಗೆಯಿಂದ ಅಪ್ಪಂದು ಅದೊಂದೇ ಜಪ. ಆ ಕಥೇಲಿ ಮಗ ದೂರದ ಊರಿಂದ ಬಂದು ಕುರುಡ ಅಪ್ಪನ ಕಣ್ಣಿಗೆ ಮೀನಿನ ಪಿತ್ತ ಹಚ್ತಾನಲ್ಲ, ಅದನ್ನ ನೀನೇ ಓದ್ಬೇಕಂತೆ.”

“ಬಾಯಲ್ಲಿ ಹೇಳೋಣ ಅಂದ್ರೆ ನಾಯಿ ಬಿಟ್ಟು ಏನೂ ಸರಿಯಾಗಿ ನೆನಪಿಲ್ಲ.”

“ಯಾವ ನಾಯಿ?”

“ಆ ಮಗನ ಜೊತೆ ದಾರಿಯುದ್ದಕ್ಕೂ ಹೋಗುತ್ತಲ್ಲ. ಚಿಕ್ಕೋನಿದ್ದಾಗ, ಅದು ಮನೆ ಸೇರ್ತಾ ಅಂತ ಅಪ್ಪನ ತಲೆ ತಿಂತಿದ್ದೆ.”

“ಅಲ್ಲಿಂದಲೇ ಶುರು ಮಾಡು. ಇದನ್ನೇ ತೆರೆದಿಟ್ಕೊಂಡು ಆಗಾಗ ಪುಟ ತಿರುಗಿಸು. ಕಣ್ಣು ಹೋದ್ಮೇಲೆ ಅಪ್ಪನಿಗೆ ಆ ಸದ್ದೇ ಆಧಾರ.”

“ಕೊನೇಲಿ ಆ ಕಥೆಯ ಅಪ್ಪನಿಗೆ ಕಣ್ಣು ಬರುತ್ತಲ್ಲಕ್ಕಾ. ನಮ್ಮಪ್ಪನಿಗೆ ಅದನ್ನ ಯಾವ ಬಾಯಲ್ಲಿ ಹೇಳ್ಲಿ?”

ನರ್ಸ್ ಬಾಗಿಲು ತೆರೆದು, ಬೇಗ ಬನ್ನಿ ಎಂದಳು.

“ಅಲ್ಲೀವರೆಗೂ ಅವರು ಕಾಯಲ್ಲ ಕಣೋ. ನಾಯಿ ಮನೆ ಸೇರ್ತು ಅಂತ ಹೇಳಿಬಿಡು.”

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿಕೊಳ್ಳುವ ಮುಂಚೆ ಟೈಲರಮ್ಮನಿಗೆ ಪುಟ ತಿರುವಿದ ಸದ್ದು ಕೇಳಿಸಿತು.