ಮೂರನೇ ಧಕ್ಕೆಯ ಕೊನೆಯ ಬಲ್ಬು

ಒಲೆಗೆ ಇನ್ನೊಂದು ಕೊರಡು ಹಾಕಿ. ಇದು ಅವರಿವರು ಹೇಳಿದ್ದಲ್ಲ, ನನ್ನ ದೊಡ್ಡಪ್ಪನ ಮಗ ವರ್ನನ್‌ಗೆ ಆದದ್ದು. ಫೋಟೋ ನನ್ನ ಹತ್ತಿರಾನೇ ಇದೆ.

ವರ್ನನ್ ಅದಿರಿನ ರೈಲಿನಲ್ಲಿ ಬ್ರೇಕ್‌ಮನ್. ಹಗಲೆಲ್ಲ ಆ ಗಾಡಿಗಳ ಜೊತೆ ಏಗಿ, ಬಿಡುವಾದರೆ ಅವುಗಳದ್ದೇ ಫೋಟೋ ತೆಗೆಯೋ ಹುಚ್ಚು. "ನನ್ನದೊಂದು ತೆಗಿ ಅಂದ್ರೆ, ನಿನ್ನ ಇಂಜಿನ್ ನಂಬರ್ ಎಷ್ಟು ಅಂತಾನೆ" ಅಂತ ಅವನ ಹೆಂಡತಿ ಲೊರೇನ್ ನಗಾಡೋಳು.

ಆ ಹುಚ್ಚಿನ ಬೇರು ಬೇರೆ ಕಡೆ ಇತ್ತು. ಅವರಪ್ಪ ಐನೊ, ನನ್ನ ದೊಡ್ಡಪ್ಪ, ಸರೋವರದ ಬಂದರಿನಲ್ಲಿ, ಹಡಗು ಬಂದು ನಿಲ್ಲೋ ಮೂರನೇ ಧಕ್ಕೆಯ ಮೇಲೆ ಕೆಲಸಕ್ಕಿದ್ದರು. ರೈಲು ಮೇಲೆ ಹತ್ತಿ ಅದಿರು ಸುರಿಯೋದು, ಕೆಳಗೆ ಹಡಗು ತುಂಬೋದು, ನಡುವೆ ಅದಿರು ಸಿಕ್ಕಿಕೊಂಡರೆ ಉದ್ದ ಕಬ್ಬಿಣದ ಸಲಾಕೆಯಿಂದ ಇವರು ತಿವಿಯೋದು. ಒಂದು ನವೆಂಬರ್ ಸಂಜೆ ಕಾಲು ಜಾರಿತು. ಸರೋವರಕ್ಕೆ ಬಿದ್ದವರು ಸಿಗಲೇ ಇಲ್ಲ. ಊಟದ ಡಬ್ಬಿಯೂ ಸಿಗಲಿಲ್ಲ. ಅದರ ಹಿಡಿ ಮುರಿದಿತ್ತು, ಎಂಟು ವರ್ಷದ ವರ್ನನ್ ತನ್ನ ಸ್ಕೇಟಿಂಗ್ ಬೂಟಿನ ಬಿಳಿ ಲೇಸ್ ಬಿಚ್ಚಿ ಕಟ್ಟಿಕೊಟ್ಟಿದ್ದ. ಮರುವರ್ಷ ಮನೆಗೆ ಬೆಂಕಿ ಬಿದ್ದು ಅಪ್ಪನ ಫೋಟೋಗಳೆಲ್ಲ ಸುಟ್ಟುಹೋದವು.

"ಅಪ್ಪನ ಮುಖ ಮರ್ತೇ ಹೋಗಿದೆ ಕಣೋ" ಅಂದಿದ್ದ ಒಮ್ಮೆ. ಆಗ ಅವನಿಗೆ ನಲವತ್ತಾರು. ನಾನಂತೂ ಆ ಮುಖ ನೋಡೇ ಇಲ್ಲ. ದೊಡ್ಡಪ್ಪ ಹೋದಾಗ ನಾನು ಹುಟ್ಟೇ ಇರಲಿಲ್ಲ.

ಪಾಳುಬಿದ್ದ ಆ ಮೂರನೇ ಧಕ್ಕೆಯನ್ನ ಸೋಮವಾರ ಕೆಡವ್ತಾರೆ ಅಂತಾಯ್ತು. ಶನಿವಾರ ರಾತ್ರಿ, ಹನ್ನೆರಡು ಗಂಟೆ ದುಡಿದು ಮನೆಗೆ ನಡೆದು ಬರುವಾಗ ವರ್ನನ್ ಅಲ್ಲಿ ನಿಂತ. ಮೈಯಲ್ಲಿ ಕಸುವಿಲ್ಲ. ಚೀಲದಲ್ಲಿ ಕ್ಯಾಮೆರಾ, ಆರು ಫ್ಲ್ಯಾಶ್ ಬಲ್ಬು. ಒಂದು ಬಲ್ಬು ಒಂದೇ ಸಲ ಉರಿಯೋದು.

ಕಾವಲುಗಾರ ಕ್ಲೇಟನ್ ತನ್ನ ಗೂಡಲ್ಲಿ ಒಲೆ ಮುಂದೆ ಮೈ ಕಾಯಿಸ್ತಾ ಕೂತಿದ್ದ.

"ಒಂಚೂರು ಬಂದು ಆ ಧಕ್ಕೆ ಅಂಚಿನ ಕಟ್ಟೆ ಮೇಲೆ ಕೂರೋ. ಮನುಷ್ಯ ಇದ್ರೇನೇ ಧಕ್ಕೆ ಎಷ್ಟು ದೊಡ್ಡದು ಅಂತ ಗೊತ್ತಾಗೋದು" ಅಂದ ವರ್ನನ್.

"ಈ ಚಳೀಲಿ ಕೂತ್ರೆ ಬೆಳಿಗ್ಗೆ ಸಲಾಕೆ ಹಾಕಿ ಕೀಳ್ಬೇಕು ನನ್ನ. ಹೋಗಿರು, ಕಾಫಿ ಮುಗಿಸಿ ಬರ್ತೀನಿ."

ವರ್ನನ್ ದಡದಲ್ಲಿ ಕ್ಯಾಮೆರಾ ನಿಲ್ಲಿಸಿ, ಬೆಳಕು ಒಳಗೆ ಬಿಡೋ ಷಟರ್ ತೆರೆದಿಟ್ಟ. ಎಂಟು ನಿಮಿಷ. ಅಷ್ಟು ಹೊತ್ತಲ್ಲಿ ಓಡಾಡಿದವರು ಫೋಟೋದಲ್ಲಿ ಮೂಡೋದೇ ಇಲ್ಲ, ಉಸಿರಾಡಿದರೂ ಸ್ವಲ್ಪ ಮಸುಕಾಗ್ತಾರೆ. ಅವನು ಕತ್ತಲಲ್ಲಿ ನಡೆಯುತ್ತಾ ಧಕ್ಕೆಯ ಕಂಬಕ್ಕೊಂದರಂತೆ ಬಲ್ಬು ಉರಿಸಿದ. ಫಟ್… ಫಟ್… ಐದು ಮುಗಿದವು.

ತಿರುಗಿ ನೋಡಿದರೆ… ಕಟ್ಟೆಯ ಮೇಲೆ ಆಳು ಕೂತಿತ್ತು. ನೀರಿನ ಕಡೆ ಕಾಲು ಇಳಿಬಿಟ್ಟು. ಅಂತೂ ಬಂದನಲ್ಲ ಕ್ಲೇಟನ್, ಅಂತ ವರ್ನನ್‌ಗೆ ಸಮಾಧಾನ. ಟಪ್… ಟಪ್… ಅಂತ ಏನೋ ತೊಟ್ಟಿಕ್ಕುತ್ತಿತ್ತು. ಇಬ್ಬನಿ ಇರಬೇಕು ಅಂದುಕೊಂಡ.

"ಇನ್ನೂ ಎಷ್ಟೊತ್ತು?" ಪಿಸುಗುಟ್ಟಿತು ಆಳು.

"ಮೂರು ನಿಮಿಷ. ಅಲ್ಲಾಡ್ಬೇಡ."

"ಸುಸ್ತಾಗಿದೆ."

"ಯಾರಿಗಿಲ್ಲ?"

ಟಪ್… ಟಪ್… ಆಮೇಲೆ, "ಮುಖಕ್ಕೆ ಬೆಳಕು ಹಾಕಲ್ವಾ?"

"ಇರೋದೊಂದೇ ಬಲ್ಬು. ನಿನ್ನ ಮೂತಿಗೆ ಯಾಕೆ ದಂಡ? ರೈಲಿಗೆ ಇಟ್ಟಿದೀನಿ."

"ಆಗ್ಲಿ."

ಪಿಸುಮಾತಿಗೆ ಇಂಥವರದ್ದೇ ದನಿ ಅಂತ ಇರೋದಿಲ್ಲ ನೋಡಿ.

ಅಷ್ಟರಲ್ಲಿ ಪಕ್ಕದ ಎರಡನೇ ಧಕ್ಕೆಗೆ ಗಾಡಿ ಬಂತು. ಠಣ್… ಠಣ್… ಠಣ್… ಕೊಂಡಿಯಿಂದ ಕೊಂಡಿಗೆ ಸದ್ದು ಓಡಿ, ನಿಂತಿತು. ವರ್ನನ್ ಇಂಜಿನ್ ಕಡೆಗೆ ಕೊನೆಯ ಬಲ್ಬು ಉರಿಸಿದ. ದಡಕ್ಕೆ ಬಂದು ಷಟರ್ ಮುಚ್ಚಿದ. ಕಟ್ಟೆ ಖಾಲಿ.

ಥ್ಯಾಂಕ್ಸ್ ಹೇಳೋಣ ಅಂತ ಗೂಡಿಗೆ ಹೋದ. ಕ್ಲೇಟನ್ ಬೂಟು ಬಿಚ್ಚಿಟ್ಟು, ಒಲೆಗೆ ಕಾಲು ಚಾಚಿ ಗೊರಕೆ ಹೊಡೀತಿದ್ದ. ಎಬ್ಬಿಸಿದರೆ, "ಬರ್ತೀನಿ ಅಂದ್ನಲ್ಲ, ಕಾಫಿ ಮುಗೀಲಿ" ಅಂದ. ಲೋಟದಲ್ಲಿ ಕಾಫಿ ತಣ್ಣಗಾಗಿತ್ತು.

ಫಿಲ್ಮ್ ತೊಳೆದ ದಿನ ವರ್ನನ್ ನಮ್ಮನೆಗೆ ಬಂದ. ಮೇಜಿನ ಮೇಲೆ ಫೋಟೋ ಇಟ್ಟ, ಕೂತ. ದೂರದ ಇಂಜಿನ್ನಿನ ನಂಬರ್ ಸ್ಪಷ್ಟ ಓದಬಹುದು. ಕಟ್ಟೆಯ ಮೇಲೆ ಕೂತವನು ಕಲ್ಲಿನಷ್ಟು ಸ್ಪಷ್ಟ. ತೊಡೆಯ ಮೇಲೆ ಉದ್ದ ಸಲಾಕೆ. ಪಕ್ಕದಲ್ಲಿ ಊಟದ ಡಬ್ಬಿ, ಅದರ ಹಿಡಿಗೆ ಬಿಳಿ ಲೇಸಿನ ಗಂಟು. ಟೋಪಿಯ ಕೆಳಗೆ ಮಾತ್ರ ಬರೀ ಕತ್ತಲೆ.

"ಕೇಳಿದ್ದ ಕಣೋ" ಅಂದ ವರ್ನನ್. "ಅವನಾಗೇ ಕೇಳಿದ್ದ. ನಾನು ರೈಲಿಗೆ ಹಾಕ್ದೆ." ಮೇಜಿಗೆ ತಲೆಯಿಟ್ಟು ಅತ್ತ. ಆ ಫೋಟೋ ತಿರುಗಿ ಮನೆಗೆ ಒಯ್ಯಲಿಲ್ಲ ಅವನು.

ಈಗ ಧಕ್ಕೆ ಇಲ್ಲ. ಆದರೂ ಕೋಟಿನ ಜೇಬಲ್ಲಿ ಒಂದು ಹೊಸ ಬಲ್ಬು ಇಲ್ಲದೆ ವರ್ನನ್ ಆ ದಾರೀಲಿ ನಡೆಯೋದಿಲ್ಲ.

ನಂಬದಿದ್ದರೆ ಬಿಡಿ, ನಡೆದದ್ದು ನಡೆದದ್ದೇ. ಫೋಟೋದಲ್ಲಿ ಕಟ್ಟೆ ಮೇಲೆ ಕೂತವನ ಬೂಟಿನ ತುದಿಯಿಂದ ನೀರಿನ ತನಕ ಒಂದು ಸಣ್ಣ ಬಿಳಿ ಗೆರೆ ಇದೆ. ಫಿಲ್ಮಿನ ಗೀರು ಅಂತಾನೆ ಕ್ಲೇಟನ್. ನಾನು ಭೂತಗನ್ನಡಿ ಹಿಡಿದು ನೋಡಿದ್ದೀನಿ, ಗೀರಲ್ಲ. ಎಂಟು ನಿಮಿಷ ಒಂದೇ ಜಾಗದಿಂದ ನೀರು ತೊಟ್ಟಿಕ್ಕಿದರೆ ಫೋಟೋದಲ್ಲಿ ಹಾಗೇ ಬರೋದು.