ಹಾಳೆಯ ಮೂಲೆಯ ತಾರೀಖು

ಅಣ್ಣಿಗೇರಿಯ ಆನ್‌ಲೈನ್ ಅಂಗಡಿಯಲ್ಲಿ ಪಹಣಿ ತೆಗೆಸಲು ಪಾಳಿ ಹಚ್ಚಿದ್ದೆ. ನನ್ನ ಮುಂದಿದ್ದ ಹೆಂಗಸು ಅಂಗಡಿಯ ಕಾಶಿನಾಥನೆದುರು ಒಂದು ಹಾಳೆ ಇಟ್ಟಳು. ವಿಧವಾ ಪಿಂಚಣಿಯ ಅರ್ಜಿ.

“ತಮ್ಮಾ, ನೀ ತಗದು ಕೊಟ್ಟಿದ್ದನ್ನ ತಹಶೀಲ್ದಾರ ಆಫೀಸಿನ ಸಾಹೇಬ್ರು ವಾಪಸ್ ಕೊಟ್ರು. ಮೂಲ್ಯಾಗಿನ ತಾರೀಖು ನೋಡು ಅಂದ್ರು.”

“ಎರಡು ವರ್ಷ ಹಿಂದಿಂದು ಬಿದ್ದೈತ್ರಿ, ಅಕ್ಕಾರ.”

“ನಮ್ಮವರು ತೀರ್ಕೊಂಡಿದ್ದು ಹೋದ ತಿಂಗಳ.”

“ಕಂಪ್ಯೂಟರ್ ಹಳೇದ್ರಿ. ಇದರ ವಿಂಡೋಸ್‌ಗೆ ಈಗ ಬ್ರೌಸರ್ ಅಪ್‌ಡೇಟ್ ಬರೂದಿಲ್ಲ. ಕಂಪ್ಯೂಟರಿನ ತಾರೀಖು ಹಿಂದ ಸರಿಸಿದ್ರಷ್ಟ ಸರ್ಕಾರದ ಸೈಟ್ ತೆರೀತೈತಿ. ಪ್ರಿಂಟಿನ್ಯಾಗೂ ಅದ ತಾರೀಖು ಬರತೈತಿ.”

“ಸರಿ ತಾರೀಖು ಹಾಕಿ ಇನ್ನೊಂದು ತೆಗದು ಕೊಡು.”

“ಹಂಗ ಮಾಡಿದ್ರ ಸೈಟ ತೆರಿಯೂದಿಲ್ರಿ.”

“ಹಂಗಾರ ನೀನ ಬಂದು ಸಾಹೇಬ್ರಿಗೆ ಇದನ್ನ ಹೇಳು.”

“ತಾರೀಖು ನಾನ ಸರಿಸೇನಿ ಅಂದ್ರ ಅಂಗಡಿ ಬಂದ್ ಮಾಡಸ್ತಾರ್ರಿ.”

“ಮಂದಿ ಮುಂದ ಕೇಳಿದ್ರಪಾ ನನ್ನ. ಗಂಡ ಸಾಯ್ತಾನಂತ ಎರಡು ವರ್ಷ ಮೊದಲ ಗೊತ್ತಿತ್ತೇನು ಅಂತ.”

ಕಾಶಿನಾಥ ಕೀಬೋರ್ಡಿನ ಧೂಳು ಒರೆಸಿದ.

“ಏನ್ ಹೇಳಲಿ ಅವರಿಗೆ?” ಆಕೆ ಕೇಳಿದಳು.

“ಓದಾಕ ಬರೂದಿಲ್ರಿ, ನಂದ ತಪ್ಪಾತ್ರಿ ಅಂತ ಹೇಳ್ರಿ. ಬಿಡ್ತಾರ.”

“ನನಗ ಓದಾಕ ಬರತೈತಿ, ತಮ್ಮಾ.”

ಆಕೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ತನ್ನೂರು ಮೊರಬದ ಬಸ್ಸಿನ ಕಡೆ ನಡೆದಳು. ಅವನು ನನ್ನ ಕಡೆ ನೋಡಲಿಲ್ಲ.

“ನಿಮ್ಮದೇನ್ರಿ?”

ನಾನು ನನ್ನ ಸರ್ವೆ ನಂಬರು ಹೇಳಿದೆ.